ಊರಿಗೆ ಹೊರಟಾಗ ಮೊಲವನ್ನು ಯಾರ ಕೈಗೆ, ಹೇಗೆ ಒಪ್ಪಿಸುವುದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೊಲದ ಬಗ್ಗೆ. ರಜೆ, ಮದುವೆ, ಜಾತ್ರೆ ಎಂದು ಮನೆಮಂದಿಯೆಲ್ಲ ಹೊರಟಾಗ ಮೊಲವನ್ನು ನೋಡಿಕೊಳ್ಳುವವರು ಯಾರು, ಅವರಿಗೆ ಏನು ಹೇಳಿ ಹೋಗಬೇಕು ಎಂಬುದೇ ಎಲ್ಲರ ಪ್ರಶ್ನೆ. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ದಸರಾ ರಜೆಯಲ್ಲಿ 9 ದಿನ ಮನೆಗೆ ಬೀಗ ಹಾಕಿ ಹೋಗಬೇಕಾಗಿದೆ. ನಮ್ಮಲ್ಲಿ ಜೋಡಿ ಮೊಲಗಳಿವೆ, ಒಂದೊಂದೂ ಸುಮಾರು 2 ಕೆ.ಜಿ. ತೂಗುತ್ತದೆ. ಎದುರುಮನೆಯ ಪಿಯುಸಿ ಓದುವ ಹುಡುಗಿ ಬಂದು ನೋಡಿಕೊಳ್ಳಲು ಒಪ್ಪಿದ್ದಾಳೆ. ಅವಳಿಗೆ ಏನೇನು ಹೇಳಿಕೊಡಬೇಕು?
— ಓದುಗರು, ತುಮಕೂರು

ಹುಲ್ಲು ಹಾಕುವುದು, ನೀರಿಡುವುದು ಯಾರಿಗಾದರೂ ಬರುತ್ತದೆ. ಅವಳಿಗೆ ಕಲಿಸಬೇಕಾದದ್ದು ನೋಡುವುದನ್ನು. ಮೊಲ ತನ್ನ ನೋವನ್ನು ತೋರಿಸಿಕೊಳ್ಳುವ ಪ್ರಾಣಿಯಲ್ಲ. ಕಾಡಿನಲ್ಲಿ ಸೊರಗಿದ್ದು ಕಂಡರೆ ಬೇಟೆಯಾಗುತ್ತದೆ, ಆದ್ದರಿಂದ ಕೊನೆಯವರೆಗೂ ಏನೂ ಆಗದಂತೆ ಕುಳಿತಿರುತ್ತದೆ. ಅದರ ಆರೋಗ್ಯದ ಲೆಕ್ಕ ಸಿಗುವುದು ಎರಡೇ ಕಡೆ: ತಿನ್ನುವ ಬಾಯಲ್ಲಿ, ಉದುರುವ ಹಿಕ್ಕೆಯಲ್ಲಿ.

ಕಾರಣ ಇಷ್ಟು. ಮೊಲದ ಕರುಳು ಹಗಲೂ ರಾತ್ರಿ ಚಲಿಸುತ್ತಲೇ ಇರಬೇಕು, ಅದನ್ನು ತಳ್ಳುವುದು ಹುಲ್ಲಿನ ನಾರು. ಹೆದರಿಕೆ, ನೋವು, ಬಿಸಿಲು, ಆಹಾರದ ಬದಲಾವಣೆ, ಇವುಗಳಲ್ಲಿ ಯಾವುದರಿಂದಲಾದರೂ ಅದು ತಿನ್ನುವುದನ್ನು ನಿಲ್ಲಿಸಿದರೆ ಕರುಳು ನಿಧಾನವಾಗುತ್ತದೆ, ಗಾಳಿ ತುಂಬುತ್ತದೆ, ಹೊಟ್ಟೆ ನೋಯುತ್ತದೆ. ನೋಯುವುದರಿಂದ ಮತ್ತೂ ತಿನ್ನುವುದಿಲ್ಲ. ವಾಂತಿ ಮಾಡಿ ಹೊರಹಾಕೋಣವೆಂದರೆ ಮೊಲಕ್ಕೆ ವಾಂತಿ ಬರುವುದೇ ಇಲ್ಲ. 10–12 ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಅದು ತುರ್ತು. ‘ನಾಳೆ ನೋಡೋಣ’ ಎನ್ನುವ ಮಾತು ಮೊಲದ ಮಟ್ಟಿಗೆ ಇಲ್ಲ.

ಆದ್ದರಿಂದ ಅವಳು ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, 12 ಗಂಟೆ ಮೀರದ ಅಂತರದಲ್ಲಿ ಬರಬೇಕು. ಬಂದವಳು ಅರ್ಧ ಗಂಟೆಯಾದರೂ ಇರಬೇಕು. ಬಂದ ಕೂಡಲೇ ಒಂದು ಎಸಳು ಕೊತ್ತಂಬರಿಯನ್ನೋ ನಿಮ್ಮ ಮೊಲಗಳಿಗೆ ಅತಿ ಪ್ರಿಯವಾದ ಬೇರೆ ಎಲೆಯನ್ನೋ ಒಂದೊಂದಕ್ಕೂ ಬೇರೆಬೇರೆಯಾಗಿ ಕೈಯಲ್ಲಿ ಹಿಡಿದು ಕೊಡಲಿ. ಓಡಿ ಬಂದು ಕಿತ್ತುಕೊಂಡರೆ ಸರಿ. ಮೂಸಿ ಮುಖ ತಿರುಗಿಸಿದರೆ ಅದೇ ಮೊದಲ ಎಚ್ಚರಿಕೆ. ಎರಡು ಮೊಲಗಳಿರುವ ಮನೆಯಲ್ಲಿ ಈ ಪರೀಕ್ಷೆ ಇನ್ನೂ ಮುಖ್ಯ, ಏಕೆಂದರೆ ಬಟ್ಟಲು ಖಾಲಿಯಾಗಿದ್ದರೂ ಅದನ್ನು ಒಂದೇ ಮೊಲ ತಿಂದಿರಬಹುದು.

ಆಮೇಲೆ ಹಿಕ್ಕೆ. ಆರೋಗ್ಯವಾಗಿರುವ ಮೊಲ ದಿನಕ್ಕೆ 200–300 ಹಿಕ್ಕೆ ಹಾಕುತ್ತದೆ: ಕಡಲೆಕಾಳಿನ ಗಾತ್ರ, ದುಂಡಗೆ, ಒಣಗಿ, ಚಿವುಟಿದರೆ ಹುಲ್ಲಿನ ಪುಡಿಯಂತೆ ಒಡೆಯುವಂಥದ್ದು. ಎಣಿಸುತ್ತ ಕೂರಬೇಕಿಲ್ಲ. ಪ್ರತಿ ಸಲವೂ ಹಿಕ್ಕೆ ಬೀಳುವ ತಟ್ಟೆಯ ಫೋಟೊ ತೆಗೆದು ನಿಮಗೆ ಕಳಿಸಿ, ನಂತರ ಪೂರ್ತಿ ಗುಡಿಸಿಬಿಡಲಿ. ಈ ಗುಡಿಸುವುದರಲ್ಲೇ ಜಾಣತನವಿದೆ. ಹಳೆಯದನ್ನು ಬಿಟ್ಟರೆ ಇವತ್ತಿನದು ಯಾವುದು, ನಿನ್ನೆಯದು ಯಾವುದು ಎಂದು ತಿಳಿಯುವುದಿಲ್ಲ. ಪೂರ್ತಿ ತೆಗೆದರೆ ಮುಂದಿನ ಸಲ ಕಂಡಷ್ಟೂ ಆ 12 ಗಂಟೆಯದೇ. ನೋಡಿಕೊಳ್ಳುವವರು ಸಾಮಾನ್ಯವಾಗಿ ಮೊಲದ ಮುದ್ದು ಮುಖದ ಫೋಟೊ ಕಳಿಸುತ್ತಾರೆ. ಅದು ನೋಡಲು ಚೆಂದ, ಉಪಯೋಗಕ್ಕೆ ಬರುವುದು ಹಿಕ್ಕೆಯ ಫೋಟೊ.

ಅಳತೆಗೆ ಬರೋಣ. ಒಣಹುಲ್ಲು ಯಾವ ಹೊತ್ತಿಗೂ ಖಾಲಿಯಾಗಬಾರದು. ಒಂದೊಂದು ಮೊಲಕ್ಕೆ ದಿನಕ್ಕೆ ಅದರ ಮೈಯಷ್ಟು ದೊಡ್ಡ ಗುಡ್ಡೆ ಹಾಕಿ. ಪೆಲೆಟ್ (ಅಂಗಡಿಯಲ್ಲಿ ಸಿಗುವ, ಗುಳಿಗೆಯಂಥ ಮೊಲದ ಆಹಾರ) ಮೊಲದ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ ಹೆಚ್ಚೆಂದರೆ 25 ಗ್ರಾಂ. ನಿಮ್ಮ ಎರಡೂ ಮೊಲಗಳಿಗೆ ಸೇರಿ ದಿನಕ್ಕೆ 100 ಗ್ರಾಂ, ಅಂದರೆ ಒಂದು ಹೊತ್ತಿಗೆ 50 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ 50 ಗ್ರಾಮಿನ 18 ಪೊಟ್ಟಣ ಕಟ್ಟಿಡಿ, ಬಸ್ಸು ತಪ್ಪಿ ತಡವಾದರೆಂದು ಇನ್ನೊಂದು ನಾಲ್ಕು. ‘ಒಂದು ಹಿಡಿ ಹಾಕು’ ಎಂದರೆ ಯಾರ ಹಿಡಿ ಎಂಬ ಪ್ರಶ್ನೆ ಏಳುತ್ತದೆ. ಪಾಪ, ಮೊಲ ಕೇಳುತ್ತಿದೆ ಎಂದು ಎರಡು ಹಿಡಿ ಹಾಕುವವರೇ ಹೆಚ್ಚು, ಪೆಲೆಟ್ ತಿಂದು ಹೊಟ್ಟೆ ತುಂಬಿದ ಮೊಲ ಹುಲ್ಲು ಮುಟ್ಟುವುದಿಲ್ಲ. ಪೊಟ್ಟಣ ಕಟ್ಟಿದರೆ ಈ ತಕರಾರೇ ಇಲ್ಲ, ಎಷ್ಟು ಉಳಿದಿದೆ ಎಂಬುದರಿಂದ ಒಂದು ಹೊತ್ತು ತಪ್ಪಿದ್ದೂ ಗೊತ್ತಾಗುತ್ತದೆ.

ಸೊಪ್ಪು ಒಂದೊಂದು ಮೊಲಕ್ಕೆ ದಿನಕ್ಕೆ ಒಂದು ಬೊಗಸೆ: ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು, ಕ್ಯಾರೆಟ್ಟಿನ ಎಲೆ, ತುಳಸಿ. ಪೇಟೆಯ ಸೊಪ್ಪಿಗೆ ಔಷಧಿ ಹೊಡೆದಿರುತ್ತಾರೆ, ಎರಡು ಮೂರು ನೀರಿನಲ್ಲಿ ತೊಳೆದು ಕೊಡವಿ ಕೊಡಬೇಕು. ಪಾಲಕ್ ಮತ್ತು ಹರಿವೆಯಲ್ಲಿ ಆಕ್ಸಲೇಟ್ ಹೆಚ್ಚು, ವಾರಕ್ಕೆ ಒಂದೆರಡು ಸಲ ಸಾಕು. ನೀರು ಕೆ.ಜಿ.ಗೆ ದಿನಕ್ಕೆ ಸುಮಾರು 100 ಮಿ.ಲೀ. ಬೇಕು, ಸೆಕೆಗೆ ಇನ್ನೂ ಹೆಚ್ಚು. ಉರುಳದಂಥ ಭಾರದ ಪಿಂಗಾಣಿ ಬಟ್ಟಲು ಎರಡು ಇಡಿ. ನಳಿಗೆಯ ಬಾಟಲಿ ಮಾತ್ರ ಇಟ್ಟರೆ ಅದರ ಗುಂಡು ಸಿಕ್ಕಿಕೊಂಡಾಗ ಬಾಟಲಿ ತುಂಬಿಯೇ ಕಾಣುತ್ತದೆ, ಮೊಲ ಬಾಯಾರಿ ಕುಳಿತಿರುತ್ತದೆ.

ಹೊರಡುವ ಎರಡು ವಾರ ಮೊದಲೇ ಅವಳನ್ನು ಕರೆಸಿ. ಮೊದಲ ದಿನ ನೀವು ಮಾಡಿ ತೋರಿಸಿ. ಎರಡನೆಯ ದಿನ ಅವಳೇ ಬೀಗ ತೆಗೆಯುವುದರಿಂದ ಹಿಡಿದು ಬೀಗ ಹಾಕುವವರೆಗೆ ಎಲ್ಲ ಮಾಡಲಿ, ನೀವು ಬಾಯಿ ಮುಚ್ಚಿ ಕುರ್ಚಿಯಲ್ಲಿ ಕುಳಿತಿರಿ. ನೀವು ಹೇಳಲು ಮರೆತದ್ದೆಲ್ಲ ಅವತ್ತು ಹೊರಬೀಳುತ್ತದೆ: ಗೂಡಿನ ಚಿಲಕ ಸ್ವಲ್ಪ ಎತ್ತಿ ಎಳೆಯಬೇಕು, ಕಸ ಎಲ್ಲಿ ಹಾಕಬೇಕು, ಫ್ರಿಜ್ಜಿನ ಹಿಂದೆ ನುಗ್ಗಿದ ಮೊಲವನ್ನು ಹೊರಗೆ ಕರೆಯುವುದು ಹೇಗೆ. ಅವಳು ನೆಲದ ಮೇಲೆ ಹತ್ತು ನಿಮಿಷ ಸುಮ್ಮನೆ ಕೂರಲಿ, ಮೊಲಗಳು ತಾವಾಗಿಯೇ ಬಂದು ಮೂಸಲಿ. ಸಾಧ್ಯವಾದರೆ ಒಂದು ರಾತ್ರಿ ನೆಂಟರ ಮನೆಗೆ ಹೋಗಿ ಪ್ರಯೋಗ ಮಾಡಿ ನೋಡಿ.

ಆಹಾರ ಬದಲಾಯಿಸುವ ಕೆಲಸ ಈ ದಿನಗಳಲ್ಲಿ ಬೇಡವೇ ಬೇಡ. ಹೊರಡುವ ಹಿಂದಿನ ದಿನ ಪೆಲೆಟ್ ಮುಗಿಯಿತೆಂದು ಬೇರೆ ಕಂಪನಿಯದನ್ನು ತಂದಿಟ್ಟು ಹೋಗುವುದು ಬಹಳ ಮನೆಗಳಲ್ಲಿ ಆಗುತ್ತದೆ. ಮೂರನೇ ದಿನಕ್ಕೆ ಮೊಲದ ಹೊಟ್ಟೆ ಕೆಟ್ಟಿರುತ್ತದೆ. ಹೊರಡುವ ದಿನ ಎರಡನ್ನೂ ತೂಗಿ, ತೂಕವನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಅದೇ ಹಾಳೆಯಲ್ಲಿ ಅಳತೆಗಳು, ಪ್ರಿಯವಾದ ಎಲೆಯ ಹೆಸರು, ಡಾಕ್ಟರ ನಂಬರು, ನಿಮ್ಮ ಫೋನ್ ಸಿಗದಿದ್ದರೆ ಯಾರಿಗೆ ಮಾಡಬೇಕು ಎಂಬುದು, ಎಂದಿನ ಹಿಕ್ಕೆಯ ಒಂದು ಫೋಟೊ. ಒಂದು ಹಾಳೆ ಸಾಕು. ಎಂಟು ಪುಟ ಬರೆದಿಟ್ಟರೆ ಯಾರೂ ಓದುವುದಿಲ್ಲ.

ಪ್ರಶ್ನೆ: ಶನಿವಾರ ಬೆಳಿಗ್ಗೆ ಹೋಗಿ ಭಾನುವಾರ ರಾತ್ರಿ ಬರುವುದಾದರೆ ಎರಡು ದಿನಕ್ಕಾಗುವಷ್ಟು ಹುಲ್ಲು, ನೀರು ಇಟ್ಟು ಹೋಗಬಹುದೇ?
— ಓದುಗರು, ದಾವಣಗೆರೆ

ಬೇಡ. ಹುಲ್ಲು, ನೀರು ಸಾಕಾಗಬಹುದು, ಆದರೆ ಶನಿವಾರ ಮಧ್ಯಾಹ್ನ ಕರುಳು ನಿಂತರೆ ಭಾನುವಾರ ರಾತ್ರಿಗೆ ನೀವು ತಡವಾಗಿ ಬಂದಂತೆ. ಯಾರಾದರೂ ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ ಮತ್ತು ಸಂಜೆ ಬಂದು ಒಂದು ಎಸಳು ಸೊಪ್ಪು ಕೊಟ್ಟು, ತಟ್ಟೆ ನೋಡಿ ಹೋಗಲಿ. ಮೊಬೈಲಿಗೆ ಜೋಡಿಸಿದ ಕ್ಯಾಮೆರಾ ಇದ್ದರೆ ಒಳ್ಳೆಯದು, ಆದರೆ ಮೂಲೆಯಲ್ಲಿ ಕುಳಿತ ಮೊಲ ಮಲಗಿದೆಯೋ ನೋವಿನಲ್ಲಿ ಮುದುಡಿದೆಯೋ ಅದರಲ್ಲಿ ತಿಳಿಯುವುದು ಕಷ್ಟ.

ಪ್ರಶ್ನೆ: ನಾವು ಊರಲ್ಲಿಲ್ಲದಾಗ ಮೊಲ ನೋಡಿಕೊಳ್ಳುತ್ತಿದ್ದವರು ಗಾಬರಿಯಾಗಿ ರಾತ್ರಿ ಫೋನ್ ಮಾಡಿದರು: ಮೊಲದ ಮೂತ್ರ ಕೆಂಪಾಗಿದೆ, ಜೊತೆಗೆ ಅದು ತನ್ನ ಹಿಕ್ಕೆಯನ್ನೇ ತಿನ್ನುತ್ತಿದೆ ಎಂದು. ಇವು ಕಾಯಿಲೆಯೇ?
— ಓದುಗರು, ಮೈಸೂರು

ಎರಡೂ ಅಲ್ಲ. ಮೊಲದ ಮೂತ್ರ ತಿಳಿ ಹಳದಿಯಿಂದ ಕಿತ್ತಳೆ, ಇಟ್ಟಿಗೆ ಕೆಂಪಿನವರೆಗೂ ಬದಲಾಗುತ್ತದೆ. ತಿಂದ ಸೊಪ್ಪಿನ ಬಣ್ಣ ಅದಕ್ಕೆ ಕಾರಣ. ಒಣಗಿದ ಮೇಲೆ ಬಿಳಿ ಪುಡಿಯಂತೆ ಕಾಣುವುದು ಸುಣ್ಣದಂಶ. ಮೂತ್ರವೆಲ್ಲ ಒಂದೇ ಬಣ್ಣವಾಗಿದ್ದರೆ ಒಂದು ದಿನ ಕಾದು ನೋಡಬಹುದು. ಅದರಲ್ಲಿ ರಕ್ತದ ಗೆರೆ ಅಥವಾ ಹೆಪ್ಪು ಬೇರೆಯಾಗಿ ಕಂಡರೆ, ಕುಳಿತು ತಿಣುಕುತ್ತಿದ್ದರೆ ಡಾಕ್ಟರಿಗೆ ತೋರಿಸಬೇಕು.

ಇನ್ನು ಅದು ತಿನ್ನುವುದು ಮಾಮೂಲಿ ಹಿಕ್ಕೆಯನ್ನಲ್ಲ. ಮೊಲದಲ್ಲಿ ಎರಡು ಬಗೆ: ಒಂದು ಒಣ ಗುಂಡು, ಇನ್ನೊಂದು ಕಪ್ಪಗೆ, ಮೆತ್ತಗೆ, ಹೊಳೆಯುತ್ತ, ಸಣ್ಣ ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡಿರುತ್ತದೆ. ಎರಡನೆಯದನ್ನು ಮೊಲ ಹಿಂಬದಿಗೇ ಬಾಯಿ ಹಾಕಿ ನೇರವಾಗಿ ತಿಂದುಬಿಡುತ್ತದೆ. ಹುಲ್ಲು ಹುಳಿತು ತಯಾರಾದ ಪ್ರೋಟೀನು, ಬಿ ಜೀವಸತ್ವಗಳು ಅದರಲ್ಲಿರುತ್ತವೆ. ದನ ಮೆಲುಕು ಹಾಕಿದಂತೆಯೇ ಇದು ಎಂದುಕೊಳ್ಳಿ. ತಡೆಯಬೇಡಿ. ಅದನ್ನು ತಿನ್ನದೆ ನೆಲದ ತುಂಬ ಬಿಟ್ಟು, ಹಿಂಬದಿಗೆ ಮೆತ್ತಿಕೊಂಡಿದ್ದರೆ ಯೋಚಿಸಬೇಕು: ಪೆಲೆಟ್ ಅಥವಾ ಹಣ್ಣು ಹೆಚ್ಚಾಗಿದೆ, ಇಲ್ಲವೇ ಬೊಜ್ಜಿನಿಂದಲೋ ಬೆನ್ನು ನೋವಿನಿಂದಲೋ ಬಾಯಿ ಅಲ್ಲಿಗೆ ಮುಟ್ಟುತ್ತಿಲ್ಲ.

ನಿಜಕ್ಕೂ ರಾತ್ರಿ ಫೋನ್ ಮಾಡಬೇಕಾದವು ಇವು: ಬೆನ್ನು ಬಾಗಿಸಿ, ಕಣ್ಣು ಅರೆ ಮುಚ್ಚಿ ಒಂದೇ ಕಡೆ ಕೂರುವುದು, ಹತ್ತಿರ ಹೋದಾಗ ಹಲ್ಲು ಕಟಕಟ ಕಡಿಯುವ ಸದ್ದು (ತಲೆ ನೇವರಿಸುವಾಗ ಬರುವ ಮೆಲ್ಲಗಿನ ಸದ್ದು ಸುಖದ್ದು, ಅದು ಬೇರೆ), ಹಿಕ್ಕೆ ಸಾಸಿವೆ, ಮೆಣಸಿನ ಕಾಳಿನಷ್ಟು ಸಣ್ಣಗಾಗುವುದು ಅಥವಾ ಕೂದಲಿನಿಂದ ಸರದಂತೆ ಪೋಣಿಸಿಕೊಂಡು ಬರುವುದು, ನೀರಿನಂಥ ಭೇದಿ, ತಲೆ ಒಂದು ಪಕ್ಕಕ್ಕೆ ವಾಲುವುದು, ಬಾಯಿ ತೆರೆದು ಉಸಿರಾಡುವುದು. ಮೊಲ ಮೂಗಿನಿಂದಲೇ ಉಸಿರಾಡುವ ಪ್ರಾಣಿ, ಅದು ಬಾಯಿ ತೆರೆದರೆ ಪ್ರಾಣಕ್ಕೆ ಬಂದಿದೆ ಎಂದೇ ಅರ್ಥ.

ಪ್ರಶ್ನೆ: ಮೇ ತಿಂಗಳಲ್ಲಿ ಒಂದು ವಾರ ಇರುವುದಿಲ್ಲ. ಇಲ್ಲಿನ ಬಿಸಿಲು ನಿಮಗೆ ಗೊತ್ತೇ ಇದೆ. ಎಸಿ ಹಾಕಿಟ್ಟು ಹೋದರೆ ಸಾಕಲ್ಲವೇ?
— ಓದುಗರು, ಕಲಬುರಗಿ

ಸಾಲದು. ಕರೆಂಟು ಹೋಗುತ್ತದೆ, ಮನೆಯ ಇನ್ವರ್ಟರಿಗೆ ಸಾಮಾನ್ಯವಾಗಿ ಎಸಿ ಜೋಡಿಸಿರುವುದಿಲ್ಲ. ಬಾಗಿಲು ಕಿಟಕಿ ಮುಚ್ಚಿದ ಕೋಣೆ ಆಗ ಒಲೆಯಾಗುತ್ತದೆ. ಮೊಲಕ್ಕೆ ಹಿತವಾದದ್ದು 18ರಿಂದ 24 ಡಿಗ್ರಿ, 30 ದಾಟಿದರೆ ಅಪಾಯ ಶುರು. ಅದಕ್ಕೆ ಬೆವರು ಬರುವುದಿಲ್ಲ, ಮೈಯ ಬಿಸಿ ಹೊರಹೋಗುವುದು ಮುಖ್ಯವಾಗಿ ಕಿವಿಯ ರಕ್ತನಾಳಗಳ ಮೂಲಕ. ನಮಗೆ ಫ್ಯಾನ್ ತಂಪೆನಿಸುವುದು ಬೆವರು ಆರುವುದರಿಂದ; ಮೊಲಕ್ಕೆ ಬರೀ ಫ್ಯಾನಿನಿಂದ ಅಂಥ ಉಪಕಾರವಿಲ್ಲ, ಬಿಸಿ ಗಾಳಿಯೇ ಬೀಸಿದಂತೆ.

ನಿಮ್ಮ ಊರಿನಲ್ಲಿ ಇದಕ್ಕೊಂದು ಒಳ್ಳೆಯ ಉಪಾಯ ಕಾಲ ಕೆಳಗೇ ಇದೆ. ಶಹಾಬಾದ್ ಕಲ್ಲು ಹಾಸಿದ, ಮಾಳಿಗೆಗೆ ತಾಗದ, ಪಡುವಣ ಬಿಸಿಲು ಬೀಳದ ನೆಲಮಟ್ಟದ ಕೋಣೆಗೆ ಮೊಲವನ್ನು ಒಂದು ವಾರ ಮೊದಲೇ ವರ್ಗಾಯಿಸಿ, ಅದು ಅಲ್ಲಿಗೆ ಒಗ್ಗಲಿ. ಗೂಡಿನಲ್ಲಿ ಒಂದು ತುಂಡು ಕಲ್ಲನ್ನೂ ಹಾಕಿ, ಮೊಲ ಅದರ ಮೇಲೆ ಹೊಟ್ಟೆ ಚಾಚಿ ಮಲಗುತ್ತದೆ. ಕಿಟಕಿಗೆ ಒದ್ದೆ ಗೋಣಿ ಇಳಿಬಿಟ್ಟರೆ ಒಣ ಹವೆಯ ಕಲಬುರಗಿಯಲ್ಲಿ ಚೆನ್ನಾಗಿ ತಂಪು ಬರುತ್ತದೆ (ಇದೇ ಉಪಾಯ ಮಂಗಳೂರಿನ ಜಿಗುಟು ಸೆಕೆಯಲ್ಲಿ ನಡೆಯುವುದಿಲ್ಲ). 2 ಲೀಟರಿನ ನಾಲ್ಕು ಬಾಟಲಿಗಳಲ್ಲಿ ಮುಕ್ಕಾಲು ನೀರು ತುಂಬಿ ಹೆಪ್ಪುಗಟ್ಟಿಸಿಡಿ. ಎರಡು ಹತ್ತಿ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿ, ಎರಡು ಫ್ರೀಜರಿನಲ್ಲಿ. ನೋಡಿಕೊಳ್ಳುವವರು ಬಂದಾಗಲೆಲ್ಲ ಅದಲು ಬದಲು ಮಾಡಲಿ. ನೀವಿರುವ ಕಡೆ ಮೇ ತಿಂಗಳಲ್ಲಿ ಬೆಳಿಗ್ಗೆ, ಸಂಜೆಯ ಎರಡು ಭೇಟಿ ಸಾಕಾಗುವುದಿಲ್ಲ, ಮಧ್ಯಾಹ್ನ 1ರಿಂದ 2ರೊಳಗೆ ಮೂರನೆಯದು ಬೇಕು. ಅದಕ್ಕೆ ಒಪ್ಪದವರಾದರೆ ಬೇರೆಯವರನ್ನು ಹುಡುಕಿ.

ಕಿವಿ ಸುಡುತ್ತಿದ್ದು ಕೆಂಪಾಗಿದ್ದರೆ, ಜೊಲ್ಲು ಸುರಿಸುತ್ತ ಅಡ್ಡ ಬಿದ್ದಿದ್ದರೆ, ತಂಪಾದ ಕಡೆಗೆ ಒಯ್ದು ಕಿವಿಗಳನ್ನು ಮಾಮೂಲಿ ನಲ್ಲಿ ನೀರಿನಲ್ಲಿ ಒದ್ದೆ ಮಾಡಬೇಕು, ಒದ್ದೆ ಬಟ್ಟೆಯ ಮೇಲೆ ಮಲಗಿಸಬೇಕು, ತಕ್ಷಣ ಡಾಕ್ಟರಿಗೆ ಹೊರಡಬೇಕು. ಐಸ್ ನೀರಿನಲ್ಲಿ ಮುಳುಗಿಸಬಾರದು, ಆ ಆಘಾತಕ್ಕೇ ಪ್ರಾಣ ಹೋಗಬಹುದು. ಬಾಯಿಗೆ ನೀರು ಸುರಿಯುವುದೂ ಬೇಡ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಪ್ರಶ್ನೆ: ಆಗಸ್ಟಿನಲ್ಲಿ ಹತ್ತು ದಿನ ಬೆಂಗಳೂರಿಗೆ ಹೋಗುವುದಿದೆ. ಮನೆ ಕೆಲಸಕ್ಕೆ ಬರುವವರೇ ಮೊಲಕ್ಕೆ ತೋಟದ ಹಸಿ ಹುಲ್ಲು ಕೊಯ್ದು ಹಾಕುತ್ತೇನೆ ಎಂದಿದ್ದಾರೆ. ಮಳೆಗಾಲದಲ್ಲಿ ವಿಶೇಷ ಎಚ್ಚರಿಕೆ ಏನಾದರೂ ಇದೆಯೇ?
— ಓದುಗರು, ಶಿರಸಿ

ಇದೆ, ಎಲ್ಲಕ್ಕಿಂತ ಮೊದಲು ನೊಣ. ಹಿಂಬದಿಯ ಕೂದಲು ಮೂತ್ರದಿಂದಲೋ ಮೆತ್ತಗಿನ ಹಿಕ್ಕೆಯಿಂದಲೋ ಒದ್ದೆಯಾಗಿದ್ದರೆ ನೊಣ ಅಲ್ಲಿ ಮೊಟ್ಟೆಯಿಡುತ್ತದೆ. ಬೆಚ್ಚಗಿನ ತೇವದಲ್ಲಿ ಒಂದು ದಿನದೊಳಗೇ ಹುಳುವಾಗಿ ಮಾಂಸ ಕೊರೆಯಲು ಶುರು ಮಾಡುತ್ತವೆ. ಹೊರಡುವ ಮೊದಲು ಹಿಂಬದಿಯ ಉದ್ದ ಕೂದಲನ್ನು ಕತ್ತರಿಸಿ ಹೋಗಿ. ಅವರು ದಿನಕ್ಕೆ ಎರಡು ಸಲ ಬಾಲದ ಕೆಳಗೆ ಟಾರ್ಚ್ ಬಿಟ್ಟು ನೋಡಬೇಕು. ಮೊಲ ಸೊಪ್ಪು ತಿನ್ನಲು ಮುಂದಕ್ಕೆ ಬಾಗಿದಾಗ ಎತ್ತದೆಯೇ ಕಾಣುತ್ತದೆ. ಅಕ್ಕಿಕಾಳಿಗಿಂತ ಸಣ್ಣ ಬಿಳಿ ಮೊಟ್ಟೆಗಳಾಗಲಿ ಹುಳುವಾಗಲಿ ಕಂಡರೆ ಸ್ನಾನ ಮಾಡಿಸುತ್ತ ಕೂರಬಾರದು, ಅದೇ ಗಂಟೆ ಡಾಕ್ಟರಲ್ಲಿಗೆ.

ಹಸಿ ಹುಲ್ಲು ಮೊದಲಿನಿಂದಲೂ ತಿನ್ನುತ್ತಿರುವ ಮೊಲವಾದರೆ ಗರಿಕೆ, ಗಿನಿ ಹುಲ್ಲು ಧಾರಾಳವಾಗಿ ಕೊಡಬಹುದು. ಈವರೆಗೆ ಒಣಹುಲ್ಲನ್ನೇ ತಿಂದಿದ್ದರೆ ಇದ್ದಕ್ಕಿದ್ದಂತೆ ಬುಟ್ಟಿ ತುಂಬ ಹಸಿ ಹುಲ್ಲು ಹಾಕಿಸಬೇಡಿ. ಮಳೆಯಲ್ಲಿ ನೆನೆದದ್ದನ್ನು ಕೊಯ್ದು ರಾಶಿ ಹಾಕಿದರೆ ಒಳಗೇ ಕಾವು ಏರಿ ಹುಳಿಯುತ್ತದೆ, ಅದನ್ನು ತಿಂದರೆ ಹೊಟ್ಟೆಯುಬ್ಬರ. ಕೊಯ್ದದ್ದನ್ನು ಚಾವಡಿಯಲ್ಲಿ ತೆಳ್ಳಗೆ ಹರಡಿ, ನೀರಾರಿದ ಮೇಲೆ ಅವತ್ತಿನದನ್ನು ಅವತ್ತೇ ಹಾಕಲಿ. ಯಂತ್ರದಲ್ಲಿ ಕತ್ತರಿಸಿದ ಹುಲ್ಲಿನ ಚೂರು ಬೇಡ, ಅದು ಬೇಗ ಹುಳಿಯುತ್ತದೆ. ತೋಟದಂಚಿನ ಲಂಟಾನ, ಕಣಗಿಲೆ, ಎಕ್ಕ ಹುಲ್ಲಿನ ಜೊತೆ ಬರಕೂಡದು ಎಂದು ಗಿಡ ತೋರಿಸಿಯೇ ಹೇಳಿ. ಕುದುರೆ ಮೆಂತೆಯನ್ನು ಆಕಳಿಗೆ ಒಳ್ಳೆಯದೆಂದು ಮೊಲಕ್ಕೂ ಹೊರೆಗಟ್ಟಲೆ ಹಾಕುವವರಿದ್ದಾರೆ. ಬೆಳೆಯುವ ಮರಿಗೆ ಸರಿ, ದೊಡ್ಡ ಮೊಲಕ್ಕೆ ಅದರ ಸುಣ್ಣದಂಶ ಅತಿಯಾಗಿ ಮೂತ್ರದಲ್ಲಿ ಮಡ್ಡಿ ಕಟ್ಟುತ್ತದೆ.

ಒಣಹುಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಬೂಷ್ಟು ಹಿಡಿಯುತ್ತದೆ. ಗೋಣಿಯಲ್ಲಿ ತುಂಬಿ, ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಅಟ್ಟದ ಮೇಲೆ ಒಲೆಯ ಬಿಸಿ ತಾಗುವ ಜಾಗವಿದ್ದರೆ ಇನ್ನೂ ಉತ್ತಮ. ಕೊಡವಿದಾಗ ಬೂದು ದೂಳು ಹಾರಿದರೆ, ಮುಗ್ಗಲು ವಾಸನೆ ಬಂದರೆ ಅದು ಗೊಬ್ಬರದ ಗುಂಡಿಗೆ. ಪೆಲೆಟ್ ಮಾತ್ರ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿರಲಿ. ಇರುವೆ ಬಂದರೆ ಬಟ್ಟಲನ್ನು ನೀರಿನ ತಟ್ಟೆಯ ನಡುವೆ ಇಟ್ಟರಾಯಿತು. ಇರುವೆ ಸೀಮೆಸುಣ್ಣದಲ್ಲಿ ಗೂಡಿನ ಸುತ್ತ ಗೆರೆ ಎಳೆಯುವುದು ಬೇಡ: ಅದರಲ್ಲಿರುವುದು ಕೀಟನಾಶಕ, ಮೊಲ ಕಾಲು ನೆಕ್ಕಿಕೊಳ್ಳುತ್ತದೆ.

ಪ್ರಶ್ನೆ: ನಾವಿಲ್ಲದಾಗ ಮೊಲಕ್ಕೆ ಹುಷಾರು ತಪ್ಪಿದರೆ ನೋಡಿಕೊಳ್ಳುವವರು ಏನು ಮಾಡಬೇಕು? ಮನೆಯಲ್ಲಿ ಯಾವ ಔಷಧಿ ಇಟ್ಟಿರಬೇಕು?
— ಓದುಗರು, ಹುಬ್ಬಳ್ಳಿ

ಔಷಧಿಗಿಂತ ಮೊದಲು ಡಾಕ್ಟರು. ಊರಿನ ಪಶುವೈದ್ಯರೆಲ್ಲರೂ ಮೊಲ ನೋಡುವುದಿಲ್ಲ. ದನಕರು, ನಾಯಿಯಲ್ಲಿ ಪಳಗಿದ ಕೈ ಮೊಲದಲ್ಲಿ ಹಿಂಜರಿಯುವುದು ಸಹಜ. ಹೊರಡುವ ಮೊದಲೇ ಎರಡು ಮೂರು ಕಡೆ ಫೋನ್ ಮಾಡಿ ನೇರವಾಗಿ ಕೇಳಿ: ಮೊಲ ನೋಡುತ್ತೀರಾ, ಭಾನುವಾರ ಮತ್ತು ರಾತ್ರಿ ಸಿಗುತ್ತೀರಾ, ನೀವು ಇಲ್ಲದಿದ್ದರೆ ಯಾರಲ್ಲಿಗೆ ಹೋಗಬೇಕು. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಆ ಸುತ್ತಿನವರು ಅಲ್ಲಿನ ಆಸ್ಪತ್ರೆಯ ವೇಳೆ ವಿಚಾರಿಸಿಟ್ಟುಕೊಳ್ಳಬಹುದು. 1962 ಸಹಾಯವಾಣಿಯ ಸಂಚಾರಿ ವಾಹನ ಇರುವುದು ಮುಖ್ಯವಾಗಿ ರೈತರ ದನ, ಎಮ್ಮೆ, ಕುರಿಗಳಿಗಾಗಿ. ಅದೊಂದನ್ನೇ ನಂಬಿ ಹೋಗಬೇಡಿ.

ಒಂದು ಬಿಳಿ ಹಾಳೆಯಲ್ಲಿ ‘ನನ್ನ ಪರವಾಗಿ ಮೊಲಕ್ಕೆ ಚಿಕಿತ್ಸೆ ಕೊಡಿಸಲು ಇವರಿಗೆ ಒಪ್ಪಿಗೆ ಇದೆ, ಇಷ್ಟು ರೂಪಾಯಿವರೆಗೆ ನನ್ನನ್ನು ಕೇಳದೆ ಖರ್ಚು ಮಾಡಬಹುದು’ ಎಂದು ಬರೆದು ಸಹಿ ಹಾಕಿ. ಆ ಹಣವನ್ನೂ ಮೊದಲೇ ಕೊಟ್ಟಿರಿ. ಎಷ್ಟೋ ಸಲ ತಡವಾಗುವುದು ದೂರದಿಂದಲ್ಲ, ‘ದುಡ್ಡು ಯಾರು ಕೊಡುತ್ತಾರೆ, ಅವರನ್ನು ಹೇಗೆ ಕೇಳುವುದು’ ಎಂಬ ಸಂಕೋಚದಿಂದ. ಮೊಲವನ್ನು ಒಯ್ಯುವ ಬುಟ್ಟಿಯನ್ನು ಅಟ್ಟದಿಂದ ಇಳಿಸಿ, ಒಳಗೆ ಹಳೆಯ ಟವಲ್ ಹಾಸಿ, ಕಣ್ಣಿಗೆ ಕಾಣುವ ಕಡೆ ಇಡಿ. ಜೋಡಿ ಮೊಲವಾದರೆ ಎರಡನ್ನೂ ಜೊತೆಗೇ ಒಯ್ಯುವುದು ಮೇಲು. ಒಂದೇ ಹೋಗಿ ಆಸ್ಪತ್ರೆಯ ವಾಸನೆ ಹೊತ್ತು ಬಂದರೆ ಮನೆಯಲ್ಲಿದ್ದದ್ದು ಗುರುತು ಹಿಡಿಯದೆ ಕಚ್ಚಾಡಬಹುದು.

ಔಷಧಿಯ ವಿಷಯದಲ್ಲಿ ಹೇಳಬೇಕಾದದ್ದು ಏನು ಕೊಡಬಾರದು ಎಂಬುದನ್ನು. ಮನೆಯಲ್ಲಿ ಮಕ್ಕಳಿಗೆಂದು ತಂದ ಅಮಾಕ್ಸಿಸಿಲಿನ್ ಮೊಲದ ಬಾಯಿಗೆ ಹೋದರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ವಿಷ ಮಾಡುವವು ಹೆಚ್ಚಿ, ಮೊಲ ಸಾಯಬಹುದು. ಬಾಯಿಂದ ಕೊಡುವ ಪೆನಿಸಿಲಿನ್ ಜಾತಿಯವು, ಕ್ಲಿಂಡಾಮೈಸಿನ್, ಲಿಂಕೊಮೈಸಿನ್ ಎಲ್ಲಕ್ಕೂ ಇದೇ ಮಾತು. ನಾಯಿಯ ಉಣ್ಣೆಗೆ ಬೆನ್ನ ಮೇಲೆ ಹಾಕುವ ಫಿಪ್ರೊನಿಲ್ ಹನಿಗಳೂ ಮೊಲಕ್ಕೆ ವಿಷ. ಆಸ್ಪತ್ರೆಗೆ ಹೋಗುವವರೆಗೆ ಮೊಲವನ್ನು ಬೆಚ್ಚಗೆ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡುವುದೇ ಅವರ ಕೆಲಸ. ಬೇಸಿಗೆಯ ಬಿಸಿಯಿಂದ ಬಳಲಿದ್ದರೆ ಮಾತ್ರ ಇದಕ್ಕೆ ತಿರುಗುಮುರುಗು. 5 ಅಥವಾ 10 ಮಿ.ಲೀ. ಸಿರಿಂಜಿನಿಂದ ನೆನೆಸಿದ ಪೆಲೆಟ್ ಗಂಜಿ ತಿನ್ನಿಸುವುದನ್ನು ಡಾಕ್ಟರು ನೋಡಿ ಹೇಳಿದ ಮೇಲೆಯೇ ಮಾಡಬೇಕು. ಹೊಟ್ಟೆ ಬಿಗಿದು ತಮಟೆಯಂತಾಗಿದ್ದರೆ ಒಳಗೆ ಅಡ್ಡಿಯಾಗಿರಬಹುದು, ಆಗ ತಿನ್ನಿಸುವುದು ಕೊಂದಂತೆ.

ಪ್ರಶ್ನೆ: ನೋಡಿಕೊಳ್ಳುವವರ ಮನೆಯಲ್ಲಿ 6 ವರ್ಷದ ಮಗುವಿದೆ. ಮೊಲ ಎತ್ತಿಕೊಳ್ಳಲು ಆಸೆ ಪಡುತ್ತದೆ.
— ಓದುಗರು, ಉಡುಪಿ

ಎತ್ತಬಾರದು ಎಂದೇ ಹೇಳಿಬಿಡಿ, ದೊಡ್ಡವರೂ ಅಗತ್ಯವಿಲ್ಲದೆ ಎತ್ತುವುದು ಬೇಡ. ಮೊಲದ ಮೂಳೆ ಹಗುರ, ಹಿಂಗಾಲು ಬಲ. ಗಾಳಿಯಲ್ಲಿ ಒದೆದುಕೊಂಡರೆ ಸೊಂಟದ ಹತ್ತಿರ ಬೆನ್ನುಮೂಳೆಯೇ ಮುರಿಯುತ್ತದೆ. ಎತ್ತಲೇಬೇಕಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಬದಿಗೆ ಆನಿಸಿ, ಮೈಗೆ ಒತ್ತಿಕೊಂಡು, ನೆಲದ ಮೇಲೆ ಕುಳಿತೇ ಎತ್ತಬೇಕು. ಕಿವಿ ಹಿಡಿದು ಎತ್ತುವ ಚಿತ್ರ ಹಳೆಯ ಪುಸ್ತಕಗಳಲ್ಲಿ, ಜಾದೂ ಆಟಗಳಲ್ಲಿ ಕಂಡಿರಬಹುದು. ಹಾಗೆ ಮಾಡಬಾರದು. ಮಗು ನೆಲದ ಮೇಲೆ ಕುಳಿತು ಕೊತ್ತಂಬರಿ ಕೊಡಲಿ. ಎರಡು ದಿನದಲ್ಲಿ ಮೊಲವೇ ತೊಡೆಯ ಹತ್ತಿರ ಬರುತ್ತದೆ. ಬಿಸ್ಕತ್ತು, ಬ್ರೆಡ್ಡು, ಅನ್ನ ಮಗುವಿನ ಕೈಯಿಂದಲೇ ಹೆಚ್ಚಾಗಿ ಹೋಗುವುದು, ಅದಕ್ಕೂ ಒಂದು ಮಾತು ಹೇಳಿಡಿ.

ಪ್ರಶ್ನೆ: ಮನೆಗೆ ಬಂದು ನೋಡುವವರು ಸಿಗುತ್ತಿಲ್ಲ. ನಾಯಿಗಳನ್ನು ಇಟ್ಟುಕೊಳ್ಳುವ ಬೋರ್ಡಿಂಗಿನಲ್ಲಿ ಬಿಡಬಹುದೇ? ಇಲ್ಲವೇ ಮೊಲ ಸಾಕಿರುವ ಗೆಳತಿಯ ಮನೆಯಲ್ಲಿ?
— ಓದುಗರು, ಬೆಂಗಳೂರು

ನಾಯಿಯ ಬೊಗಳುವಿಕೆ, ವಾಸನೆಯ ನಡುವೆ ಮೊಲ ಹುಲ್ಲು ಮುಟ್ಟುವುದಿಲ್ಲ. ಬೇರೆ ಕೋಣೆ, ಬೇರೆ ಬಾಗಿಲು ಇದ್ದು, ಅಲ್ಲಿನವರಿಗೆ ಮೊಲದ ಅನುಭವವಿದ್ದರೆ ಮಾತ್ರ ಯೋಚಿಸಿ. ಹಿಕ್ಕೆ ಎಷ್ಟು ಬಂದರೆ ಸರಿ ಎಂದು ಕೇಳಿ ನೋಡಿ, ಉತ್ತರದಲ್ಲೇ ತಿಳಿಯುತ್ತದೆ.

ಗೆಳತಿಯ ಮನೆ ಎಷ್ಟೋ ಮೇಲು, ಆದರೆ ಎರಡು ಮನೆಯ ಮೊಲಗಳನ್ನು ‘ಆಡಿಕೊಳ್ಳಲಿ’ ಎಂದು ಒಟ್ಟಿಗೆ ಬಿಡಬಾರದು. ಪರಿಚಯವಿಲ್ಲದ ಮೊಲಗಳು ಚರ್ಮ ಹರಿಯುವಂತೆ ಕಾದಾಡುತ್ತವೆ. ಅವನ್ನು ಹೊಂದಿಸಲು ವಾರಗಟ್ಟಲೆ ಬೇಕು. ಸಂತಾನಹರಣ ಮಾಡಿಸದ ಗಂಡು ಹೆಣ್ಣಾದರೆ ಕೂಡಲು ಕೆಲವು ಸೆಕೆಂಡು ಸಾಕು, 31 ದಿನಕ್ಕೆ ಗೂಡಿನ ತುಂಬ ಮರಿ. ಹೆಣ್ಣು ಈದ ದಿನವೇ ಮತ್ತೆ ಗಬ್ಬ ಕಟ್ಟಬಲ್ಲದು. ಬೇರೆ ಗೂಡು, ಬೇರೆ ಬಟ್ಟಲು; ಗೆಳತಿ ಒಂದನ್ನು ಮುಟ್ಟಿ ಕೈ ತೊಳೆದು ಇನ್ನೊಂದರ ಹತ್ತಿರ ಹೋಗಲಿ, ಮೂಗು ಸೋರುವ ಕಾಯಿಲೆ, ಕಜ್ಜಿ ಹೀಗೆಯೇ ದಾಟುವುದು. ನಿಮ್ಮ ಮೊಲದ ಹಳೆಯ ಹಾಸನ್ನು ತೊಳೆಯದೆ ಜೊತೆಗೆ ಕಳಿಸಿ, ತನ್ನದೇ ವಾಸನೆ ಇದ್ದರೆ ಅದು ಬೇಗ ಹೊಂದಿಕೊಳ್ಳುತ್ತದೆ.

ಪ್ರಶ್ನೆ: ದೀಪಾವಳಿಗೆ ಊರಿಗೆ ಹೋಗುತ್ತೇವೆ. ಪಟಾಕಿಗೆ ಏನು ಮಾಡುವುದು?
— ಓದುಗರು, ಶಿವಮೊಗ್ಗ

ಬೀದಿಯ ಕಡೆಗಿಲ್ಲದ ಒಳಕೋಣೆ, ಕಿಟಕಿ ಮುಚ್ಚಿ ದಪ್ಪ ಪರದೆ. ಎರಡೂ ಕಡೆ ಬಾಯಿರುವ ರಟ್ಟಿನ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ ಅಡಗಲು ಕೊಡಿ. ಒಂದೇ ಬಾಯಿದ್ದರೆ ಮೂಲೆಗೆ ಸಿಕ್ಕಿಬಿದ್ದ ಭಯ. ಫ್ಯಾನಿನ ಸದ್ದು ಇರಲಿ. ಆ ಮೂರು ದಿನ ಸಂಜೆಯ ಭೇಟಿಯನ್ನು ಪಟಾಕಿ ನಿಂತ ಮೇಲೆ, ರಾತ್ರಿ 10ರ ನಂತರ ಇಟ್ಟುಕೊಂಡರೆ ಹೆದರಿದ ಮೊಲ ಮತ್ತೆ ತಿನ್ನಲು ಶುರು ಮಾಡಿತೇ ಎಂದು ನೋಡಿದಂತಾಗುತ್ತದೆ. ಆಗ ಬೆಳಿಗ್ಗೆಯ ಭೇಟಿ ತುಸು ತಡವಾಗಿ 9ಕ್ಕಿರಲಿ. ನಡುವಿನ ಹೊತ್ತು 12 ಗಂಟೆ ದಾಟಿತೆಂದು ಮಧ್ಯಾಹ್ನ ಒಂದು ಸಲ ಇಣುಕಿದರಾಯಿತು.

ಪ್ರಶ್ನೆ: ವಾಪಸು ಬಂದಾಗ ನಮ್ಮ ಮೊಲ ಬೆನ್ನು ತಿರುಗಿಸಿ ಕೂರುತ್ತದೆ, ಹತ್ತಿರ ಹೋದರೆ ಕಾಲು ಕುಟ್ಟುತ್ತದೆ. ಕೋಪವೇ, ಕಾಯಿಲೆಯೇ?
— ಓದುಗರು, ಧಾರವಾಡ

ತಿನ್ನುತ್ತಿದ್ದರೆ ಕೋಪ, ತಿನ್ನದಿದ್ದರೆ ಕಾಯಿಲೆ. ಮೊದಲು ತೂಗಿ. 2 ಕೆ.ಜಿ. ಮೊಲದಲ್ಲಿ ಒಂದು ವಾರದೊಳಗೆ 100 ಗ್ರಾಂ ಇಳಿದಿದ್ದರೆ ಅದು ಗಮನಿಸಬೇಕಾದ ಇಳಿತ. ಮುಂದಿನ ಮೂರು ದಿನ ಅದೇ ಹೊತ್ತಿಗೆ ತೂಗುತ್ತ ಹೋಗಿ, ಇಳಿಯುತ್ತಲೇ ಇದ್ದರೆ ಹಲ್ಲು ಪರೀಕ್ಷೆ ಮಾಡಿಸಿ. ಬಾಲದ ಕೆಳಗೆ, ಅಂಗಾಲಿನಲ್ಲಿ ಗಾಯವಿದೆಯೇ ನೋಡಿ. ಉಳಿದ ಪೆಲೆಟ್ ಪೊಟ್ಟಣಗಳನ್ನು ಎಣಿಸಿ. ನೀವಿಲ್ಲದಾಗ ನಡೆದಿದ್ದ ವೇಳೆಗೇ ಇನ್ನೆರಡು ದಿನ ಹುಲ್ಲು, ಸೊಪ್ಪು ಕೊಡಿ. ಬಂದ ಸಂತೋಷಕ್ಕೆ ಬಾಳೆಹಣ್ಣು, ಕ್ಯಾರೆಟ್ ಸುರಿಯಬೇಡಿ. ಕೋಪ ಇಳಿಯುವ ಮೊದಲೇ ಹೊಟ್ಟೆ ಕೆಟ್ಟಿರುತ್ತದೆ. ನೆಲದ ಮೇಲೆ ಸುಮ್ಮನೆ ಕುಳಿತಿದ್ದರೆ ಸಾಕು, ಹೆಚ್ಚಿನವು ಮರುದಿನಕ್ಕೆ ಬಂದು ಕಾಲು ಮೂಸುತ್ತವೆ.